ಎಲೀಯನಿಗೆ ಅನ್ನವಿಟ್ಟ ನೆಲ

ಎಲೀಯ ಪ್ರವಾದಿಗೆ ಬೈಬಲಿನಲ್ಲಿ ಹುಟ್ಟಿನ ಕಥೆಯಿಲ್ಲ, ತಂದೆಯ ಹೆಸರಿಲ್ಲ, ಯೆಶಾಯನಿಗೂ ಯೆರೆಮೀಯನಿಗೂ ಇರುವಂತೆ ದೇವರು ಕರೆದ ಗಳಿಗೆಯ ವರ್ಣನೆಯೂ ಇಲ್ಲ. ಅರಸುಗಳ ಮೊದಲನೆಯ ಗ್ರಂಥದ 17ನೆಯ ಅಧ್ಯಾಯ ತೆರೆದುಕೊಳ್ಳುತ್ತಿದ್ದಂತೆಯೇ ಅವನು ಅರಸನಾದ ಆಹಾಬನ ಎದುರು ನಿಂತು, ತಾನು ಹೇಳುವ ತನಕ ಈ ನಾಡಿನಲ್ಲಿ ಮಳೆಯಾಗಲಿ ಮಂಜಾಗಲಿ ಬೀಳುವುದಿಲ್ಲವೆಂದು ಸಾರುತ್ತಾನೆ. ಸಂಡೇ ಸ್ಕೂಲಿನಲ್ಲಿ ಓದಿದವರಿಗೆಲ್ಲ ಅಲ್ಲಿಂದ ನೇರವಾಗಿ ನೆನಪಿಗೆ ಬರುವುದು ಕರ್ಮೆಲ್ ಬೆಟ್ಟದ ಮೇಲೆ ಇಳಿದ ಬೆಂಕಿ ಮತ್ತು ಕೊನೆಯ ಅಗ್ನಿರಥ. ಇವುಗಳ ನಡುವಿನ ವರ್ಷಗಳನ್ನು ಅವನು ಎಲ್ಲಿ ಕಳೆದನು, ಹೇಗೆ ಬದುಕಿ ಉಳಿದನು ಎಂಬುದನ್ನು ಅವನು ನಡೆದ ದಾರಿಯಲ್ಲೇ ಹೋಗಿ ಧ್ಯಾನಿಸಬೇಕೆಂಬ ಆಸೆಯಿಂದ, ಮೈಸೂರು ಸೀಮೆಯ ನಮ್ಮ ಸಭೆಯ ಕೆಲವರು 2019ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಬೆಂಗಳೂರಿನಿಂದ ಹೊರಟು, ಜೋರ್ಡಾನ್ ದೇಶದ ರಾಜಧಾನಿಯಾದ ಅಮ್ಮಾನಿನಲ್ಲಿ ಇಳಿದೆವು. ಆ ಸೀಮೆಯಲ್ಲಿ ಬೇಸಿಗೆ ಮುಗಿದು ಮೊದಲ ಮಳೆಗಾಗಿ ಜನ ಆಕಾಶ ನೋಡುವ ಕಾಲ ಅದು. ಎಲೀಯನ ಕಥೆಯನ್ನು ಓದುವುದಕ್ಕೆ ಅದಕ್ಕಿಂತ ತಕ್ಕ ಋತು ಇಲ್ಲವೆಂದು ಈಗಲೂ ನನಗೆ ಅನಿಸುತ್ತದೆ.

ಮೊದಲ ದಿನ: ಗಿಲ್ಯಾದಿನ ಬೆಟ್ಟಗಳು

ಅಮ್ಮಾನಿನಿಂದ ವಾಯವ್ಯಕ್ಕೆ ಏರುತ್ತಾ ಹೋಗುವ ದಾರಿ ಅಜ್ಲೂನ್ ಸೀಮೆಯನ್ನು ಸೇರುತ್ತದೆ. ಬೈಬಲಿನ ಗಿಲ್ಯಾದ್ ಇದೇ. ಮರುಭೂಮಿಯನ್ನೇ ನಿರೀಕ್ಷಿಸಿ ಬಂದವರಿಗೆ ಇಲ್ಲಿನ ಓಕ್ ಮರಗಳ ಕಾಡು ಅಚ್ಚರಿ ಹುಟ್ಟಿಸುತ್ತದೆ. ಸಲಾದೀನನ ಸೇನಾಪತಿಯೊಬ್ಬನು 1184ರಲ್ಲಿ ಕಟ್ಟಿಸಿದ ಅಜ್ಲೂನ್ ಕೋಟೆಯನ್ನು ನಾವು ದೂರದಿಂದಷ್ಟೇ ನೋಡಿ, ನೇರವಾಗಿ ತೆಲ್ ಮಾರ್ ಎಲಿಯಾಸ್ ಎಂಬ ಗುಡ್ಡಕ್ಕೆ ಹೋದೆವು. ಅದರ ಹತ್ತಿರದ ಲಿಸ್ತಿಬ್ ಎಂಬ ಹಾಳುಬಿದ್ದ ನೆಲೆಯೇ ತಿಷ್ಬೀಯನಾದ ಎಲೀಯನ ಊರೆಂದು ಇಲ್ಲಿನ ಕ್ರೈಸ್ತರು ಬಹುಕಾಲದಿಂದ ನಂಬಿಕೊಂಡು ಬಂದಿದ್ದಾರೆ. ಗುಡ್ಡದ ಮೇಲೆ ಬೈಜಾಂಟಿನ್ ಕಾಲದ ದೊಡ್ಡ ಚರ್ಚಿನ ತಳಪಾಯವೂ ಮೊಸಾಯಿಕ್ ನೆಲದ ಭಾಗಗಳೂ ಉಳಿದಿವೆ. ಅಲ್ಲಿ ದೊರೆತ ಒಂದು ಶಾಸನದಲ್ಲಿ ಕ್ರಿ.ಶ. 622ನೆಯ ವರ್ಷದ ಉಲ್ಲೇಖವಿದೆ. 2000ನೆಯ ಇಸವಿಯ ಜೂಬಿಲಿ ವರ್ಷದಲ್ಲಿ ವ್ಯಾಟಿಕನ್ ಗುರುತಿಸಿದ ಜೋರ್ಡಾನಿನ ಯಾತ್ರಾಸ್ಥಳಗಳಲ್ಲಿ ಇದೂ ಒಂದು.

ಗುಡ್ಡದ ಕೆಳಗೆ ಒಂದು ಮನೆತನದವರು ಆಲಿವ್ ಕೊಯ್ಲಿನಲ್ಲಿ ತೊಡಗಿದ್ದರು. ಮರದ ಬುಡದಲ್ಲಿ ಹಳೆಯ ತಾಡಪಾಲು ಹಾಸಿ, ಗಂಡಸರು ಏಣಿ ಹತ್ತಿ ಕೈಯಲ್ಲಿ ಹಿಡಿದ ಪ್ಲಾಸ್ಟಿಕ್ ಹಣಿಗೆಯಿಂದ ಕೊಂಬೆಗಳನ್ನು ಬಾಚುತ್ತಿದ್ದರೆ, ಹಸಿರು ಕಾಯಿ, ನೇರಳೆ ಬಣ್ಣಕ್ಕೆ ತಿರುಗಿದ ಕಾಯಿ ಎಲ್ಲವೂ ಪಟಪಟನೆ ಉದುರುತ್ತಿದ್ದವು. ಹೆಂಗಸರು ನೆಲದ ಮೇಲೆ ಕುಳಿತು ಎಲೆ ಕಡ್ಡಿಗಳನ್ನು ಆರಿಸಿ ತೆಗೆಯುತ್ತಿದ್ದರು. ಮನೆಯ ಹಿರಿಯಾಕೆ ನಮ್ಮನ್ನು ಕರೆದು, ಕಳೆದ ವರ್ಷದ ಎಣ್ಣೆಯಲ್ಲಿ ಅದ್ದಿದ ರೊಟ್ಟಿಯ ಚೂರುಗಳನ್ನು ಒಬ್ಬೊಬ್ಬರ ಕೈಗೂ ಕೊಟ್ಟರು. ಗುರುತಿಲ್ಲದ ಪರದೇಶಿಗಳಿಗೆ ರೊಟ್ಟಿಯನ್ನೂ ಎಣ್ಣೆಯನ್ನೂ ಕೊಟ್ಟ ಆ ಕೈ, ಮುಂದೆ ಚಾರೆಪ್ತದ ವಿಧವೆಯ ಕಥೆ ಬಂದಾಗಲೆಲ್ಲ ನನ್ನ ಕಣ್ಣ ಮುಂದೆ ನಿಂತಿತು.

ಎರಡನೆಯ ದಿನ: ಕೆರೀತ್ ಹಳ್ಳ ಮತ್ತು ಗಡಿ

ಬರಗಾಲವನ್ನು ಸಾರಿದ ಕೂಡಲೇ ದೇವರು ಎಲೀಯನಿಗೆ ಕೊಟ್ಟ ಆಜ್ಞೆ, ಹೋಗಿ ಅಡಗಿಕೋ ಎಂಬುದು. ಯೊರ್ದನಿನ ಕಡೆಗಿರುವ ಕೆರೀತ್ ಹಳ್ಳದಲ್ಲಿ ಅವನು ನೀರು ಕುಡಿದನು. ಕಾಗೆಗಳು ಹೊತ್ತಾರೆಯೂ ಸಾಯಂಕಾಲವೂ ಅವನಿಗೆ ರೊಟ್ಟಿಯನ್ನೂ ಮಾಂಸವನ್ನೂ ತಂದುಕೊಟ್ಟವು. ಈ ಹಳ್ಳ ಯಾವುದೆಂಬುದರಲ್ಲಿ ಒಮ್ಮತವಿಲ್ಲ. ಅಜ್ಲೂನ್ ಬೆಟ್ಟಗಳಿಂದ ಪಶ್ಚಿಮಕ್ಕೆ ಇಳಿಯುವ ವಾದಿ ಅಲ್ ಯಾಬಿಸ್ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಯೆರಿಕೋವಿನ ಮೇಲಿರುವ ವಾದಿ ಕೆಲ್ಟ್ ಎಂಬ ಕಣಿವೆ ಎಂದು ಗ್ರೀಕ್ ಆರ್ಥೊಡಾಕ್ಸ್ ಪರಂಪರೆ ಹೇಳುತ್ತದೆ. ಎಲೀಯನು ಗಿಲ್ಯಾದಿನವನಾದ್ದರಿಂದ, ಅರಸನಿಂದ ತಲೆಮರೆಸಿಕೊಳ್ಳಬೇಕಾದವನು ತಾನು ಬಾಲ್ಯದಿಂದ ಬಲ್ಲ ಕೊರಕಲುಗಳನ್ನೇ ಸೇರಿರಬೇಕು ಎಂಬ ವಾದ ನನಗೆ ಹೆಚ್ಚು ಸರಿಯೆನಿಸುತ್ತದೆ.

ಆ ದಾರಿಯಲ್ಲೇ ನಾವು ಯೊರ್ದನ್ ಕಣಿವೆಗೆ ಇಳಿದು, ಶೇಖ್ ಹುಸೇನ್ ಸೇತುವೆಯ ಮೂಲಕ ಇಸ್ರಾಯೇಲನ್ನು ಪ್ರವೇಶಿಸಿದೆವು. ತಪಾಸಣೆಗೆ ಅರ್ಧ ದಿನ ಹಿಡಿಯಿತು. ಸಂಜೆ ನಜರೇತಿನಲ್ಲಿ ತಂಗಿದೆವು.

ಎಲೀಯನ ಮುಂದಿನ ನೆಲೆಯಾದ ಚಾರೆಪ್ತಕ್ಕೆ ನಾವು ಹೋಗುವಂತಿರಲಿಲ್ಲ. ತೂರ್ ಮತ್ತು ಸೀದೋನ್ ಪಟ್ಟಣಗಳ ನಡುವೆ ಸಮುದ್ರತೀರದಲ್ಲಿರುವ ಆ ಊರು ಇಂದು ಲೆಬನಾನಿನ ಸರಫಂದ್. ಇಸ್ರಾಯೇಲಿನಿಂದ ಅಲ್ಲಿಗೆ ಹೋಗಲು ದಾರಿ ತೆರೆದಿಲ್ಲ. ಆದರೂ ಆ ಅಧ್ಯಾಯವನ್ನು ಓದುವುದಕ್ಕೆ ನಜರೇತಿಗಿಂತ ಉಚಿತವಾದ ಜಾಗ ಬೇರೆ ಇರಲಿಲ್ಲ. ಏಕೆಂದರೆ ಇದೇ ಊರಿನ ಸಭಾಮಂದಿರದಲ್ಲಿ ಯೇಸುಸ್ವಾಮಿ ತಮ್ಮ ಸೇವೆಯ ಆರಂಭದಲ್ಲಿ, ಮೂರು ವರ್ಷ ಆರು ತಿಂಗಳ ಆ ಬರಗಾಲದಲ್ಲಿ ಇಸ್ರಾಯೇಲಿನಲ್ಲಿ ಅನೇಕ ವಿಧವೆಯರಿದ್ದರೂ ಎಲೀಯನನ್ನು ಕಳುಹಿಸಿದ್ದು ಸೀದೋನಿನ ಸೀಮೆಯ ವಿಧವೆಯೊಬ್ಬಳ ಬಳಿಗೆ ಎಂದು ಹೇಳಿದರು. ಕೇಳಿದ ಊರಿನವರು ಕೋಪದಿಂದ ಅವರನ್ನು ಬೆಟ್ಟದ ಅಂಚಿಗೆ ತಳ್ಳಿಕೊಂಡು ಹೋದರೆಂದು ಲೂಕನು 4ನೆಯ ಅಧ್ಯಾಯದಲ್ಲಿ ಬರೆಯುತ್ತಾನೆ. ಆ ಸಿಟ್ಟಿನ ಕಾರಣ ಸ್ಪಷ್ಟವಾಗಿದೆ. ಸೀದೋನು ಆಹಾಬನ ರಾಣಿ ಈಜೆಬೆಲಳ ತವರು, ಬಾಳನ ಆರಾಧನೆಯ ನಾಡು. ದೇವರ ಪ್ರವಾದಿಯು ಶತ್ರುರಾಣಿಯ ತವರಿನಲ್ಲಿ, ಸಾಯುವ ಮೊದಲು ಮಗನಿಗೆ ಕೊನೆಯ ರೊಟ್ಟಿ ಸುಡಲು ಎರಡು ಕಟ್ಟಿಗೆ ಆರಿಸುತ್ತಿದ್ದ ಬಡ ಹೆಂಗಸಿನ ಹಿಡಿ ಹಿಟ್ಟಿನ ಮೇಲೆ ಬದುಕಿದನು. ನಮ್ಮ ಗುಂಪಿನಲ್ಲಿ ಹಿರಿಯರಾದ, ನಾವೆಲ್ಲ ಟೀಚರಮ್ಮ ಎಂದೇ ಕರೆಯುವ ನಿವೃತ್ತ ಶಿಕ್ಷಕಿಯೊಬ್ಬರು ಅಂದು ರಾತ್ರಿ ಸಭಾಪಾಲಕರನ್ನು ಕೇಳಿದರು: “ಅಯ್ಯನವರೇ, ಅಷ್ಟು ದೊಡ್ಡ ಪ್ರವಾದಿ ಆಕೆಯ ಹತ್ತಿರ ಮೊದಲು ತನಗೆ ರೊಟ್ಟಿ ಮಾಡಿಕೊಡು ಅಂತ ಕೇಳುವಾಗ ಅವನ ನಾಲಿಗೆ ತಡವರಿಸಿರಬೇಕಲ್ಲವೇ?” ಸಭಾಪಾಲಕರು ಸ್ವಲ್ಪ ಹೊತ್ತು ಯೋಚಿಸಿ, “ತಡವರಿಸಿರಬೇಕು, ಟೀಚರಮ್ಮ. ಬೇಡಿ ಉಣ್ಣುವುದನ್ನು ಕಲಿತವನೇ ಆಮೇಲೆ ಅರಸನ ಎದುರು ನಿಲ್ಲಬಲ್ಲನು,” ಎಂದರು.

ಮೂರನೆಯ ದಿನ: ಕರ್ಮೆಲ್

ಕರ್ಮೆಲ್ ಒಂದೇ ಶಿಖರವಲ್ಲ, ಹೈಫಾದ ಬಳಿ ಸಮುದ್ರಕ್ಕೆ ಚಾಚಿಕೊಂಡು ಒಳನಾಡಿನವರೆಗೆ ಹಬ್ಬಿದ ಬೆಟ್ಟಸಾಲು. ಅದರ ಆಗ್ನೇಯ ತುದಿಯಲ್ಲಿ, ದ್ರೂಸ್ ಜನರ ದಾಲಿಯತ್ ಅಲ್ ಕರ್ಮೆಲ್ ಎಂಬ ಊರನ್ನು ದಾಟಿದ ಮೇಲೆ, ಮುಹ್ರಕಾ ಎಂಬ ಜಾಗದಲ್ಲಿ ಕಾರ್ಮೆಲೈಟ್ ಸಂನ್ಯಾಸಿಗಳ ಮಠವಿದೆ. ಬೆಂಕಿಯಿಂದ ಉತ್ತರ ಕೊಡುವ ದೇವರೇ ನಿಜವಾದ ದೇವರೆಂದು ಎಲೀಯನು ಬಾಳನ ಪ್ರವಾದಿಗಳಿಗೆ ಸವಾಲು ಹಾಕಿದಾಗ, ಅವನ ಬಲಿಯ ಮೇಲೆ ಬೆಂಕಿ ಇಳಿದದ್ದು ಇಲ್ಲೇ ಎಂಬುದು ಪರಂಪರೆಯ ನಂಬಿಕೆ. ಅಂಗಳದಲ್ಲಿ ಕತ್ತಿ ಎತ್ತಿ ನಿಂತ ಎಲೀಯನ ಬಿಳಿಯ ಪ್ರತಿಮೆ, ಒಳಗೆ ಹನ್ನೆರಡು ಕಲ್ಲುಗಳನ್ನು ಜೋಡಿಸಿ ಕಟ್ಟಿದ ಪೀಠವುಳ್ಳ ಚಿಕ್ಕ ಚರ್ಚು. ಯಾತ್ರಿಕರು ಹೆಚ್ಚು ಹೊತ್ತು ನಿಲ್ಲುವುದು ಪ್ರತಿಮೆಯ ಮುಂದೆ. ನನಗೆ ಆ ಹನ್ನೆರಡು ಕಲ್ಲುಗಳೇ ಮುಖ್ಯವೆನಿಸಿದವು. ರಾಜ್ಯ ಎರಡಾಗಿ ಒಡೆದು ದಶಕಗಳು ಕಳೆದಿದ್ದ ಕಾಲದಲ್ಲಿ, ಉತ್ತರದ ಹತ್ತು ಕುಲಗಳ ಅರಸನ ಎದುರಿನಲ್ಲೇ ಎಲೀಯನು ಹನ್ನೆರಡು ಕುಲಗಳ ಲೆಕ್ಕದಲ್ಲಿ ಕಲ್ಲುಗಳನ್ನು ತೆಗೆದುಕೊಂಡು, ಕೆಡವಲ್ಪಟ್ಟಿದ್ದ ಯಜ್ಞವೇದಿಯನ್ನು ಸರಿಪಡಿಸಿದನು. ಬೆಂಕಿ ಬೀಳುವುದಕ್ಕೆ ಮೊದಲು ಅವನು ಮಾಡಿದ್ದು ದುರಸ್ತಿಯ ಕೆಲಸ.

ಚರ್ಚಿನ ಮಾಳಿಗೆಯ ಮೇಲೆ ನಿಂತರೆ ಕಥೆಯ ಭೂಗೋಳವೆಲ್ಲ ಒಮ್ಮೆಗೇ ತಿಳಿಯುತ್ತದೆ. ಕೆಳಗೆ ಇಜ್ರೇಲಿನ ಬಯಲು, ಅದರ ಅಂಚಿನಲ್ಲಿ ಬಾಳನ ಪ್ರವಾದಿಗಳು ಹತರಾದ ಕೀಷೋನ್ ಹಳ್ಳ, ಎದುರಿಗೆ ತಾಬೋರ್ ಬೆಟ್ಟ, ಹಿಂದಕ್ಕೆ ತಿರುಗಿದರೆ ಮಂಜಿನ ತೆರೆಯಾಚೆ ಮೆಡಿಟರೇನಿಯನ್ ಸಮುದ್ರ. ಬಾಳನು ಮಳೆಯ, ಗುಡುಗು ಸಿಡಿಲಿನ ದೇವರು. ಸಿರಿಯಾ ಕರಾವಳಿಯ ರಾಸ್ ಶಮ್ರಾದಲ್ಲಿ 1929ರಿಂದ ದೊರೆಯುತ್ತಾ ಬಂದ ಉಗಾರಿಟ್ ಪಟ್ಟಣದ ಮಣ್ಣಿನ ಫಲಕಗಳು ಅವನನ್ನು ಮೋಡಗಳ ಮೇಲೆ ಸವಾರಿ ಮಾಡುವವನೆಂದು ಹಾಡುತ್ತವೆ. ಅಂಥವನ ಹೆಸರಿನಲ್ಲಿ 450 ಮಂದಿ ಪ್ರವಾದಿಗಳು ಬೆಳಗಿನಿಂದ ಕೂಗಿದರೂ ಆಕಾಶ ಬಾಯಿಬಿಡಲಿಲ್ಲ. ಹೀಗಾಗಿ ಈ ವಿವಾದದ ತೀರ್ಪು ಪೂರ್ಣವಾಗುವುದು ಬೆಂಕಿಯಿಂದಲ್ಲ, ಆಮೇಲೆ ಬಂದ ಮಳೆಯಿಂದ. ಜನರೆಲ್ಲ ಕೂಗಿಕೊಂಡು ಅಡ್ಡಬಿದ್ದ ಮೇಲೆ ಎಲೀಯನು ಬೆಟ್ಟದ ತುದಿಗೆ ಹತ್ತಿ, ನೆಲಕ್ಕೆ ಬಾಗಿ, ತಲೆಯನ್ನು ಮೊಣಕಾಲುಗಳ ನಡುವೆ ಇಟ್ಟು ಪ್ರಾರ್ಥಿಸಿದನು. ಸೇವಕನನ್ನು ಸಮುದ್ರದ ಕಡೆಗೆ ನೋಡಲು ಮತ್ತೆ ಮತ್ತೆ ಕಳುಹಿಸಿದನು. ಏಳನೆಯ ಸಾರಿ ಮನುಷ್ಯನ ಅಂಗೈಯಷ್ಟು ಚಿಕ್ಕ ಮೋಡ ಕಂಡಿತು. ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯ ಎಲೀಯನನ್ನು ನಮ್ಮಂಥ ಸ್ವಭಾವದ ಮನುಷ್ಯನೆಂದು ಕರೆದು, ಪ್ರಾರ್ಥನೆಗೆ ಮಾದರಿಯಾಗಿ ಎತ್ತಿ ಹೇಳುವುದು ಈ ಪ್ರಸಂಗವನ್ನೇ. ಬೆಂಕಿಯ ಪ್ರಸ್ತಾಪವನ್ನೇ ಅದು ಮಾಡುವುದಿಲ್ಲ. ನಾನು ಅದೇ ಮಾಳಿಗೆಯಿಂದ ಸಮುದ್ರದ ಕಡೆ ಬಹಳ ಹೊತ್ತು ನೋಡಿದೆ. ಅಂದು ಮೋಡವಿರಲಿಲ್ಲ.

ಮಧ್ಯಾಹ್ನ ಹೈಫಾದ ಸ್ಟೆಲ್ಲಾ ಮಾರಿಸ್ ಮಠಕ್ಕೆ ಹೋದೆವು. 19ನೆಯ ಶತಮಾನದಲ್ಲಿ ಕಟ್ಟಿದ ಅಲ್ಲಿನ ಚರ್ಚಿನ ಪೀಠದ ಕೆಳಗಿರುವ ಗುಹೆಯನ್ನು ಎಲೀಯನದೆಂದು ಗೌರವಿಸುತ್ತಾರೆ. ಇದೇ ಬೆಟ್ಟದ ಕಣಿವೆಯೊಂದರಲ್ಲಿ, ಎಲೀಯನ ಬುಗ್ಗೆಯ ಬಳಿ ಏಕಾಂತದಲ್ಲಿದ್ದ ತಪಸ್ವಿಗಳಿಗೆ 13ನೆಯ ಶತಮಾನದ ಆರಂಭದಲ್ಲಿ ಜೆರುಸಲೇಮಿನ ಪಿತೃಪ್ರಧಾನ ಆಲ್ಬರ್ಟ್ ಒಂದು ಜೀವನಸೂತ್ರವನ್ನು ಬರೆದುಕೊಟ್ಟರು. ಕಾರ್ಮೆಲೈಟ್ ಸಭೆ ಬೆಳೆದದ್ದು ಆ ಬೇರಿನಿಂದ. 1870ರಲ್ಲಿ ಮಂಗಳೂರಿಗೆ ಬಂದಿಳಿದ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು, ಅವರು ನಡೆಸುವ ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜು, ಬಿಕರ್ನಕಟ್ಟೆಯ ಬಾಲಯೇಸುವಿನ ಪುಣ್ಯಕ್ಷೇತ್ರವಿರುವ ಕಾರ್ಮೆಲ್ ಹಿಲ್, ಇವೆಲ್ಲಕ್ಕೂ ಹೆಸರು ಬಂದದ್ದು ಈ ಬೆಟ್ಟದಿಂದ. ನಾವು ಪ್ರೊಟೆಸ್ಟೆಂಟ್ ಸಭೆಯವರಾದರೂ ಆ ಗುಹೆಯಲ್ಲಿ ಮೊಣಕಾಲೂರಿ ಕನ್ನಡದಲ್ಲಿ ಪ್ರಾರ್ಥಿಸಿದೆವು.

ನಾಲ್ಕನೆಯ ದಿನ: ನಾಬೋತನ ಊರು

ಮುಹ್ರಕಾದಿಂದ ಇಜ್ರೇಲಿಗೆ ನೇರ ಗೆರೆ ಎಳೆದರೂ ಸುಮಾರು 26 ಕಿಲೋಮೀಟರ್ ಇದೆ. ಮಳೆ ಸುರಿಯುತ್ತಿರಲು ಎಲೀಯನು ನಡುಕಟ್ಟಿಕೊಂಡು ಆಹಾಬನ ರಥದ ಮುಂದೆ ಓಡಿದ್ದು ಈ ದೂರವನ್ನು. ಇಜ್ರೇಲ್ ದಿಬ್ಬದಲ್ಲಿ ಇಂದು ಕಾಣುವುದು ಕಲ್ಲಿನ ಚೂರುಗಳು, ಒಣಹುಲ್ಲು, ಆಲಿವ್ ಮತ್ತು ಬಾದಾಮಿ ಗಿಡಗಳು. 1990ರ ದಶಕದ ಉತ್ಖನನದಲ್ಲಿ ಆಹಾಬನ ತಂದೆ ಒಮ್ರಿಯ ವಂಶದ ಕಾಲದ ಭದ್ರವಾದ ಕೋಟೆ ಆವರಣ ಬೆಳಕಿಗೆ ಬಂತು. ಮುಂದೆ ದಿಬ್ಬದ ಕೆಳಗೆ, ಬಂಡೆಯಲ್ಲಿ ಕೊರೆದ ದ್ರಾಕ್ಷಿ ತುಳಿಯುವ ತೊಟ್ಟಿಯೂ ಪತ್ತೆಯಾಯಿತು. ಅದು ಆಹಾಬನಿಗೆ ದ್ರಾಕ್ಷಿತೋಟ ಕೊಡಲೊಪ್ಪದ ನಾಬೋತನದೇ ಎಂದು ಹೇಳುವುದಕ್ಕೆ ಆಧಾರವಿಲ್ಲ. ಈ ಇಳಿಜಾರಿನಲ್ಲಿ ದ್ರಾಕ್ಷಾರಸ ತೆಗೆಯುತ್ತಿದ್ದರು ಎಂಬುದಂತೂ ಖಚಿತ, ನನಗೆ ಅಷ್ಟು ಸಾಕು. ತುಳಿಯುವ ನೆಲ ಚೌಕಾಕಾರ. ಅಲ್ಲಿಂದ ರಸ ಹರಿದು ಕೆಳಗಿನ ಗುಂಡಿಗೆ ಬೀಳಬೇಕು. ಟೀಚರಮ್ಮ ಅದರ ಅಂಚಿನಲ್ಲಿ ಕುಳಿತು ಅರಸುಗಳ ಮೊದಲನೆಯ ಗ್ರಂಥದ 21ನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿದರು.

ಆಹಾಬನು ಸಾಮಾನ್ಯ ಅರಸನಲ್ಲ. ಅಶ್ಶೂರದ ಅರಸ ಮೂರನೆಯ ಶಲ್ಮನೆಸರನ ಕುರ್ಖ್ ಶಿಲಾಶಾಸನವು, ಕ್ರಿ.ಪೂ. 853ರ ಕರ್ಕರ್ ಯುದ್ಧದಲ್ಲಿ ಅವನು 2,000 ರಥಗಳನ್ನೂ 10,000 ಕಾಲಾಳುಗಳನ್ನೂ ತಂದಿದ್ದನೆಂದು ಹೇಳುತ್ತದೆ. ಆ ಯುದ್ಧದ ಬಗ್ಗೆ ಬೈಬಲು ಒಂದು ಮಾತನ್ನೂ ಆಡುವುದಿಲ್ಲ. ಕಾಯಿಪಲ್ಯದ ತೋಟಕ್ಕಾಗಿ ಅವನು ಕಿತ್ತುಕೊಂಡ ಒಬ್ಬ ರೈತನ ದ್ರಾಕ್ಷಿತೋಟಕ್ಕೆ ಇಡೀ ಅಧ್ಯಾಯವನ್ನು ಕೊಡುತ್ತದೆ. ಪಿತೃಗಳ ಸ್ವಾಸ್ತ್ಯವನ್ನು ಮಾರುವುದು ಯೆಹೋವನ ಧರ್ಮಶಾಸ್ತ್ರಕ್ಕೆ ವಿರೋಧವೆಂದು ನಾಬೋತನು ಒಪ್ಪಲಿಲ್ಲ. ಈಜೆಬೆಲಳು ಅರಸನ ಮುದ್ರೆಯೊತ್ತಿ ಪತ್ರ ಬರೆದಳು, ಊರಿನ ಹಿರಿಯರು ಉಪವಾಸದ ದಿನವನ್ನು ಗೊತ್ತುಮಾಡಿದರು, ಇಬ್ಬರು ಸುಳ್ಳುಸಾಕ್ಷಿಗಳು ನುಡಿದರು, ನಾಬೋತನನ್ನು ಕಲ್ಲೆಸೆದು ಕೊಂದರು. ಎಲ್ಲವೂ ಕಾನೂನಿನ ವೇಷದಲ್ಲೇ ನಡೆಯಿತು. ತೋಟವನ್ನು ವಶಮಾಡಿಕೊಳ್ಳಲು ಅರಸನು ಇಳಿದುಬಂದಾಗ ಅಲ್ಲಿ ಎಲೀಯನು ನಿಂತಿದ್ದನು. ಕರ್ಮೆಲಿನಲ್ಲಿ ಸಾವಿರಾರು ಜನರು ನೋಡುತ್ತಿದ್ದರು. ಇಲ್ಲಿ ಸತ್ತವನ ಪರವಾಗಿ ಮಾತಾಡಲು ಊರಿನಲ್ಲಿ ಒಬ್ಬನೂ ಉಳಿದಿರಲಿಲ್ಲ. ನನ್ನ ಮಟ್ಟಿಗೆ ಎಲೀಯನ ಸೇವೆಯ ಎತ್ತರ ಈ ತೋಟದಲ್ಲಿದೆ. ಮುಂದೆ ಸ್ನಾನಿಕ ಯೋಹಾನನು ಎಲೀಯನ ಆತ್ಮದಿಂದಲೂ ಬಲದಿಂದಲೂ ಬಂದವನೆಂದು ಸುವಾರ್ತೆ ಸಾರುವಾಗ, ಅದರ ಗುರುತು ಬೆಂಕಿಯ ಅದ್ಭುತವಲ್ಲ. ಹೆರೋದನ ಮುಖಕ್ಕೆ ನೇರವಾಗಿ ಆಡಿದ ಮಾತು. ಸಭೆಗಳಲ್ಲಿ ಕರ್ಮೆಲಿನ ಬಗ್ಗೆ ನಡೆಯುವಷ್ಟು ಉಪದೇಶ ನಾಬೋತನ ಬಗ್ಗೆಯೂ ನಡೆಯಬೇಕೆಂದು ಅಂದು ಸಂಜೆಯ ಕೂಟದಲ್ಲಿ ನಾನು ಹೇಳಿದೆ, ಈಗಲೂ ಹೇಳುತ್ತೇನೆ.

ಐದನೆಯ ದಿನ: ಬೇರ್ಷೆಬ

ಬೆಳಿಗ್ಗೆ ವಾದಿ ಕೆಲ್ಟಿನ ಬಂಡೆಗೋಡೆಗೆ ಅಂಟಿಕೊಂಡಂತಿರುವ ಸಂತ ಜಾರ್ಜ್ ಮಠವನ್ನು ಎದುರಿನ ದಡದಿಂದ ನೋಡಿ, ಮಧ್ಯಾಹ್ನದ ವೇಳೆಗೆ ಬೇರ್ಷೆಬವನ್ನು ತಲುಪಿದೆವು. ಬಾಳನ ಪ್ರವಾದಿಗಳು ಹತರಾದ ಮೇಲೆ ಈಜೆಬೆಲಳು ಹಾಕಿದ ಕೊಲೆಬೆದರಿಕೆಗೆ ಎಲೀಯನು ಯೂದದ ಈ ತುದಿಯವರೆಗೆ ಓಡಿಬಂದು, ಸೇವಕನನ್ನು ಇಲ್ಲೇ ಬಿಟ್ಟು, ಮತ್ತೊಂದು ದಿನದ ದಾರಿಯನ್ನು ಒಂಟಿಯಾಗಿ ನಡೆದು, ಸಾವನ್ನು ಬೇಡಿಕೊಂಡನು.

ಆ ದಾರಿಯಲ್ಲಿ ಬೆಳೆಯುವ ರೋತೆಮ್ ಪೊದೆಯನ್ನು ಹತ್ತಿರದಿಂದ ನೋಡಿದೆ. ಎಲೆಗಳೇ ಇಲ್ಲದಂತಿರುವ, ಕಡ್ಡಿಗಳಂಥ ಬೂದುಹಸಿರು ರೆಂಬೆಗಳು. ಕೆಳಗೆ ಬೀಳುವುದು ನೆರಳು ಎನ್ನುವುದಕ್ಕಿಂತ ಗೆರೆಗಳು. ಅದರಡಿಯಲ್ಲಿ ಒಬ್ಬ ಮನುಷ್ಯ ಮಲಗಿದರೆ ಮೈಯ ಅರ್ಧ ಬಿಸಿಲಿನಲ್ಲೇ ಇರುತ್ತದೆ. ಇದರ ಬೇರಿನ ಕೆಂಡ ಬಹಳ ಹೊತ್ತು ಆರುವುದಿಲ್ಲವಾದ್ದರಿಂದ ಮರುಭೂಮಿಯ ಜನರಿಗೆ ಇದು ಒಳ್ಳೆಯ ಉರುವಲು. ನಮ್ಮ ಬೆದುವಿನ್ ಆತಿಥೇಯರು ಸಂಜೆ ನೆಲದ ಮೇಲೆ ಬೆಂಕಿ ಮಾಡಿ, ಕೆಂಡವನ್ನು ಸರಿಸಿ, ತಟ್ಟಿದ ಹಿಟ್ಟನ್ನು ಬಿಸಿ ಮರಳಿನ ಮೇಲೆ ಹಾಸಿ, ಮೇಲೆ ಮತ್ತೆ ಕೆಂಡ ಬೂದಿಗಳನ್ನು ಮುಚ್ಚಿದರು. ಬೆಂದ ರೊಟ್ಟಿಯನ್ನು ಹೊರಗೆ ತೆಗೆದು ಕೋಲಿನಿಂದ ಬಡಿದು ಬೂದಿ ಕೊಡವಿದರು. ನಮ್ಮ ಕಡೆ ಕೆಂಡದ ಮೇಲೆ ಸುಟ್ಟ ರೊಟ್ಟಿಯ ಹಾಗೆ ಹೊರಗೆ ಗಟ್ಟಿ, ಒಳಗೆ ಮೆತ್ತಗೆ. ದೇವದೂತನು ಎಲೀಯನನ್ನು ತಟ್ಟಿ ಎಬ್ಬಿಸಿ ಕೊಟ್ಟದ್ದು ಕೆಂಡದ ಮೇಲೆ ಸುಟ್ಟ ಇಂಥ ರೊಟ್ಟಿ, ಒಂದು ತಂಬಿಗೆ ನೀರು. ಸೋತು ಮಲಗಿದವನಿಗೆ ದೇವರು ಆಗ ಒಂದು ಬುದ್ಧಿಮಾತನ್ನೂ ಹೇಳಲಿಲ್ಲ. ಎರಡು ಸಾರಿ ಉಣಿಸಿ, ನಡುವೆ ನಿದ್ರಿಸಲು ಬಿಟ್ಟನು. ಮನಸ್ಸು ಕುಸಿದವರಿಗೆ ವಿಶ್ವಾಸ ಸಾಲದೆಂದು ಗದರಿಸುವ ನಮ್ಮ ಸಭೆಗಳ ರೂಢಿ ಈ ವಚನಗಳ ಮುಂದೆ ತಲೆತಗ್ಗಿಸಬೇಕು.

ಆರನೆಯ ಮತ್ತು ಏಳನೆಯ ದಿನ: ಹೋರೇಬ್

ನೆಗೆವ್ ಮರುಭೂಮಿಯನ್ನು ದಾಟಿ, ಏಲತ್ ಮೂಲಕ ತಾಬಾ ಗಡಿಯಲ್ಲಿ ಈಜಿಪ್ಟನ್ನು ಹೊಕ್ಕು, ಕತ್ತಲಾಗುವ ಹೊತ್ತಿಗೆ ಸಂತ ಕ್ಯಾಥರೀನ್ ಊರನ್ನು ಸೇರಿದೆವು. ದೇವರ ಬೆಟ್ಟವಾದ ಹೋರೇಬಿಗೆ ಎಲೀಯನು ಹಗಲಿರುಳು ನಲವತ್ತು ದಿನ ನಡೆದ ದೂರ ನಮಗೆ ಒಂದು ದಿನದ ಬಸ್ ಪ್ರಯಾಣವಾಯಿತು.

ನಡುರಾತ್ರಿ ಕಳೆದ ಮೇಲೆ, 6ನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಕಟ್ಟಿಸಿದ ಮಠದ ಪಕ್ಕದಿಂದ, ಹೋರೇಬೆಂದು ಪರಂಪರೆ ನಂಬುವ ಜಬಲ್ ಮೂಸಾ ಬೆಟ್ಟವನ್ನು ಹತ್ತತೊಡಗಿದೆವು. ಒಂಟೆಗಳ ದಾರಿ ಮುಗಿದಲ್ಲಿಂದ 2,285 ಮೀಟರ್ ಎತ್ತರದ ತುದಿಗೆ ಸುಮಾರು 750 ಕಲ್ಲಿನ ಮೆಟ್ಟಿಲುಗಳು. ಮೇಲೆ ಎಲುಬು ಕೊರೆಯುವ ಗಾಳಿ. ಸೂರ್ಯೋದಯ ನೋಡಿ ಇಳಿಯುವಾಗ ಹೆಚ್ಚಿನವರು ಒಂಟೆಯ ದಾರಿಗೆ ಮರಳಿದರು. ನಮ್ಮಲ್ಲಿ ಕೆಲವರು ಸಂನ್ಯಾಸಿಗಳು ಜೋಡಿಸಿದ ಹಳೆಯ ಮೆಟ್ಟಿಲುಗಳ ದಾರಿ ಹಿಡಿದು ಎಲೀಯನ ತಗ್ಗು ಎಂದು ಕರೆಯುವ ಬಟ್ಟಲಿನಾಕಾರದ ಜಾಗಕ್ಕೆ ಬಂದೆವು. ಸುತ್ತಲೂ ಕೆಂಪು ಗ್ರಾನೈಟ್ ಗೋಡೆ, ನಡುವೆ ಮುದಿ ಸೈಪ್ರೆಸ್ ಮರ, ಎಲೀಯ ಮತ್ತು ಅವನ ಉತ್ತರಾಧಿಕಾರಿ ಎಲೀಷರ ಹೆಸರಿನ ಚಿಕ್ಕ ಪ್ರಾರ್ಥನಾಲಯ. ಶಿಖರದ ಗಾಳಿ ಇಲ್ಲಿಗೆ ಮುಟ್ಟುವುದಿಲ್ಲ.

ಬಿರುಗಾಳಿ ಬಂಡೆಗಳನ್ನು ಸೀಳಿತು, ಭೂಕಂಪವಾಯಿತು, ಬೆಂಕಿ ಬಂತು. ಯೆಹೋವನು ಅವುಗಳಲ್ಲಿ ಇರಲಿಲ್ಲ. ಕರ್ಮೆಲಿನಲ್ಲಿ ಬೆಂಕಿಯಿಂದ ಉತ್ತರ ಪಡೆದಿದ್ದವನಿಗೇ ಇದನ್ನು ಕಲಿಸಬೇಕಾಯಿತು. ಆಮೇಲೆ ಬಂದ ಮೆಲ್ಲನೆಯ ಶಬ್ದಕ್ಕೆ ಎಲೀಯನು ಕಂಬಳಿಯಿಂದ ಮುಖ ಮುಚ್ಚಿಕೊಂಡು ಗುಹೆಯ ಬಾಯಿಗೆ ಬಂದನು. ಇಷ್ಟಾದ ಮೇಲೂ ಅವನ ದೂರು ಬದಲಾಗಲಿಲ್ಲ ಎಂಬುದನ್ನು ಉಪದೇಶಕರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ: ನಾನೊಬ್ಬನೇ ಉಳಿದಿದ್ದೇನೆ ಎಂದು ಮೊದಲು ಹೇಳಿದ್ದನ್ನೇ ಅವನು ಅಕ್ಷರ ಬಿಡದೆ ಮತ್ತೆ ಹೇಳಿದನು. ದೇವರು ವಾದಕ್ಕೆ ನಿಲ್ಲದೆ ಕೆಲಸ ಕೊಟ್ಟನು: ಹಜಾಯೇಲನನ್ನೂ ಯೇಹುವನ್ನೂ ಅರಸರಾಗಿ ಅಭಿಷೇಕಿಸು, ನಿನ್ನ ಸ್ಥಾನಕ್ಕೆ ಎಲೀಷನನ್ನು ನೇಮಿಸು, ಬಾಳನಿಗೆ ಮೊಣಕಾಲೂರದ 7,000 ಮಂದಿ ನನಗಿದ್ದಾರೆ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ದೇವರು ತನ್ನ ಜನರನ್ನು ಕೈಬಿಡಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಎತ್ತಿಕೊಳ್ಳುವುದು ಈ 7,000 ಮಂದಿಯನ್ನು. ಅವರಲ್ಲಿ ಒಬ್ಬರ ಹೆಸರೂ ನಮಗೆ ತಿಳಿಯದು.

ಎಂಟನೆಯ ದಿನ

ನುವೇಬಾ ಬಂದರಿನಿಂದ ಹಡಗಿನಲ್ಲಿ ಅಕಾಬಾ ಕೊಲ್ಲಿಯನ್ನು ದಾಟಿ ಮತ್ತೆ ಜೋರ್ಡಾನಿಗೆ ಬಂದೆವು. ದಿನವೆಲ್ಲ ಕಾಯುವುದರಲ್ಲೇ ಕಳೆಯಿತು.

ಒಂಬತ್ತನೆಯ ದಿನ: ಯೊರ್ದನಿನ ಆಚೆ

ಮೃತ ಸಮುದ್ರವೆಂದೂ ಕರೆಯುವ ಲವಣಸಮುದ್ರದ ದಂಡೆಯುದ್ದಕ್ಕೂ ಉತ್ತರಕ್ಕೆ ಬಂದು ಅಲ್ ಮಗ್ತಾಸ್ ತಲುಪಿದೆವು. 2015ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಸ್ಥಳ ಯೇಸುವಿನ ದೀಕ್ಷಾಸ್ನಾನದ ಜಾಗವೆಂದು ಪ್ರಸಿದ್ಧ. ಅದರೊಳಗೇ ಇರುವ ಜಬಲ್ ಮಾರ್ ಎಲಿಯಾಸ್ ಎಂಬ ಚಿಕ್ಕ ದಿಬ್ಬ ಎಲೀಯನು ಪರಲೋಕಕ್ಕೆ ಎತ್ತಲ್ಪಟ್ಟ ಜಾಗವೆಂದು ನಂಬಿಕೆ. ಮಲಾಕಿಯ ಪ್ರವಾದನೆಯಂತೆ ಎಲೀಯನು ಬರುವನೆಂದು ಕಾಯುತ್ತಿದ್ದ ಜನ, ಅವನು ಕಣ್ಮರೆಯಾದ ನೆಲದಲ್ಲೇ ಒಂಟೆಯ ಕೂದಲಿನ ಉಡುಪಿನಲ್ಲಿ ನಿಂತ ಯೋಹಾನನನ್ನು ಕಂಡಾಗ, ನೀನು ಎಲೀಯನೋ ಎಂದು ಕೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ.

ನದಿ ಇಲ್ಲಿ ಕೆಲವೇ ಮೀಟರ್ ಅಗಲ, ಕೆಸರು ಬಣ್ಣದ ನೀರು; ಮೇಲಿನ ಭಾಗದಲ್ಲೇ ಬಹುಪಾಲು ನೀರನ್ನು ಬಳಸಿಕೊಳ್ಳುತ್ತಾರೆ. ದಡದಲ್ಲಿ ಕುಳಿತು ಅರಸುಗಳ ಎರಡನೆಯ ಗ್ರಂಥದ 2ನೆಯ ಅಧ್ಯಾಯವನ್ನು ಓದಿದೆವು. ಅಗ್ನಿರಥದ ವಚನಕ್ಕೆ ಬಂದಾಗ ಕೆಲವರು ಪುಸ್ತಕ ಮುಚ್ಚಿದರು. ಸಭಾಪಾಲಕರು ಬಿಡಲಿಲ್ಲ, ಮುಂದಕ್ಕೂ ಓದಿಸಿದರು. ಎಲೀಷನು ಬಿದ್ದ ಕಂಬಳಿಯನ್ನು ಎತ್ತಿಕೊಂಡು, ಅದರಿಂದ ನೀರನ್ನು ಹೊಡೆದು ನದಿಯನ್ನು ದಾಟಿ, ಯೆರಿಕೋವಿಗೆ ಮರಳಿದನು. ಆ ಊರಿನವರು ನೀರು ಕೆಟ್ಟಿದೆ, ನೆಲ ಫಲ ಕೊಡುತ್ತಿಲ್ಲ ಎಂದು ಅವನಿಗೆ ಹೇಳಿಕೊಂಡರು. ಅವನು ಹೊಸ ಪಾತ್ರೆಯಲ್ಲಿ ಉಪ್ಪು ತರಿಸಿ, ಬುಗ್ಗೆಯಲ್ಲಿ ಹಾಕಿ, ಯೆಹೋವನ ಹೆಸರಿನಲ್ಲಿ ನೀರನ್ನು ಸರಿಪಡಿಸಿದನು. ಎಲೀಯನ ಸೇವೆ ಮುಂದುವರಿದದ್ದು ಹೀಗೆ, ಒಂದು ಊರಿನ ಕುಡಿಯುವ ನೀರಿನಿಂದ. ಎಲೀಷನ ಹೆಸರು ಹೊತ್ತ ಆ ಬುಗ್ಗೆ ಇಂದಿಗೂ ಯೆರಿಕೋವಿನ ಜನರಿಗೂ ತೋಟಗಳಿಗೂ ನೀರುಣಿಸುತ್ತಿದೆ. ಅಧ್ಯಾಯ ಮುಗಿದ ಮೇಲೆ ಟೀಚರಮ್ಮ ಪ್ರಾರ್ಥಿಸಿದರು. ಚಾರೆಪ್ತದ ವಿಧವೆಯನ್ನೂ ಅಜ್ಲೂನಿನ ಹಿರಿಯಾಕೆಯನ್ನೂ ಹೆಸರಿಸದೆ ನೆನೆದರು. ಆಮೇಲೆ ನಾವು ಅಮ್ಮಾನಿನ ವಿಮಾನ ನಿಲ್ದಾಣದ ದಾರಿ ಹಿಡಿದೆವು.